ಪೋಲ್‌ಎಚ್: ತಪ್ಪೆಸಗುತ್ತಲೇ ಕ್ಯಾನ್ಸರ್ ತಡೆಯುವ ವಂಶವಾಹಿ

ಪೋಲ್‌ಎಚ್ ಮನುಷ್ಯರ 6ನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿರುವ ವಂಶವಾಹಿ. 713 ಅಮೈನೊ ಆಮ್ಲಗಳ ‘ಡಿಎನ್‌ಎ ಪಾಲಿಮರೇಸ್ ಈಟಾ’ ಎಂಬ ಕಿಣ್ವ ತಯಾರಾಗುವುದು ಇದರ ಸೂಚನೆಯಂತೆ. ಡಿಎನ್‌ಎಗೆ ಪೆಟ್ಟು ಬಿದ್ದ ಜಾಗದಲ್ಲೂ ನಕಲಿನ ಕೆಲಸ ನಿಲ್ಲದಂತೆ ಈ ಕಿಣ್ವ ನೋಡಿಕೊಳ್ಳುತ್ತದೆ. ಅದರ ಚರಿತ್ರೆಯ ಮೊದಲ ಅಧ್ಯಾಯ ಬಿಸಿಲು ತಾಳಲಾರದ ರೋಗಿಗಳದು.

1870ರ ದಶಕದಲ್ಲಿ ವಿಯೆನ್ನಾದ ಚರ್ಮವೈದ್ಯ ಮೋರಿಟ್ಸ್ ಕಪೋಸಿ, ಒಣಗಿ ಚುಕ್ಕೆಗಟ್ಟಿ ಕೊನೆಗೆ ಗಡ್ಡೆಗಳಾಗುವ ಚರ್ಮರೋಗವೊಂದನ್ನು ವಿವರಿಸಿದ. ಅದೇ ಜೀರೋಡರ್ಮಾ ಪಿಗ್ಮೆಂಟೋಸಮ್. ಕಾರಣ ಹೊಳೆಯಲು ಹೆಚ್ಚುಕಡಿಮೆ ಒಂದು ಶತಮಾನ ಬೇಕಾಯಿತು. ಅತಿನೇರಳೆ ಕಿರಣದಿಂದ ಆದ ಹಾನಿಯನ್ನು ಈ ರೋಗಿಗಳ ಜೀವಕೋಶಗಳು ಸರಿಪಡಿಸಲಾರವು ಎಂದು ಸ್ಯಾನ್ ಫ್ರಾನ್ಸಿಸ್ಕೋದ ಜೇಮ್ಸ್ ಕ್ಲೀವರ್ 1968ರಲ್ಲಿ ತೋರಿಸಿದರು.

ಆದರೆ ಕೆಲವು ರೋಗಿಗಳ ಜೀವಕೋಶಗಳಲ್ಲಿ ಆ ದುರಸ್ತಿ ಸರಿಯಾಗಿಯೇ ನಡೆಯುತ್ತಿತ್ತು. ರೋಗ ಅದೇ, ದೋಷ ಮಾತ್ರ ಕಾಣದು. ಇವರನ್ನು ‘ವೇರಿಯೆಂಟ್’ ಗುಂಪು ಎಂದು ಕರೆದರು. ಕಿರಣ ತಾಗಿದ ಮೇಲೆ ಈ ಜೀವಕೋಶಗಳಲ್ಲಿ ಹೊಸ ಎಳೆ ತುಂಡುತುಂಡಾಗಿ ಉಳಿಯುತ್ತದೆ, ಪೂರ್ತಿ ಉದ್ದಕ್ಕೆ ಬೆಳೆಯಲು ತಡವಾಗುತ್ತದೆ ಎಂದು ಇಂಗ್ಲೆಂಡಿನ ಅಲನ್ ಲೇಮನ್ ಮತ್ತು ಸಂಗಡಿಗರು 1975ರಲ್ಲಿ ಕಂಡುಕೊಂಡರು. ದೋಷವಿದ್ದದ್ದು ನಕಲು ತೆಗೆಯುವಲ್ಲಿ ಎಂಬ ಸುಳಿವು ಅಲ್ಲೇ ಇತ್ತು. ಅದರ ಹಿಂದಿನ ವಂಶವಾಹಿ ಸಿಗಲು ಮತ್ತೆ 24 ವರ್ಷ ಹಿಡಿಯಿತು.

1999ರಲ್ಲಿ ಎರಡು ತಂಡಗಳು ಬೇರೆಬೇರೆ ದಾರಿಯಲ್ಲಿ ಬಂದು ಪೋಲ್‌ಎಚ್‌ ಅನ್ನೇ ಮುಟ್ಟಿದವು. ಜಪಾನಿನ ಒಸಾಕಾದಲ್ಲಿ ಚಿಕಾಹಿದೆ ಮಸುತಾನಿ, ಫುಮಿಯೊ ಹನೋಕಾ ಅವರ ತಂಡ, ರೋಗಿಯ ಜೀವಕೋಶದ ಸಾರಕ್ಕೆ ಬೆರೆಸಿದರೆ ದೋಷ ನೀಗಿಸುವ ಪ್ರೋಟೀನನ್ನು ಹೀಲಾ ಎಂಬ ಮಾನವ ಜೀವಕೋಶಗಳಿಂದ ಹೆಕ್ಕಿ ತೆಗೆಯಿತು. ಅಮೆರಿಕದ ಗ್ಯಾಲ್ವೆಸ್ಟನ್‌ನಲ್ಲಿ ಲೂಯಿಸ್ ಪ್ರಕಾಶ್ ಮತ್ತು ಸತ್ಯ ಪ್ರಕಾಶ್ ಅವರ ತಂಡ ಯೀಸ್ಟ್‌ನ ರಾಡ್30 ವಂಶವಾಹಿಯ ಜಾಡು ಹಿಡಿದು ಅದರ ಮಾನವ ರೂಪವನ್ನು ತಲುಪಿತು.

ಕಿಣ್ವದ ನಡೆ ನಿಜಕ್ಕೂ ಬೆರಗು ಹುಟ್ಟಿಸುವಂಥದು. ಅತಿನೇರಳೆ ಕಿರಣ ಅಕ್ಕಪಕ್ಕದ ಎರಡು ಥೈಮಿನ್‌ಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಮಾಮೂಲಿ ಪಾಲಿಮರೇಸುಗಳ ಬಿಗಿಯಾದ ಗೂಡಿನಲ್ಲಿ ಈ ಜೋಡಿ ಹಿಡಿಸುವುದಿಲ್ಲ, ಕೆಲಸ ಅಲ್ಲೇ ನಿಲ್ಲುತ್ತದೆ. ಈಟಾದ ಗೂಡು ಅಗಲ. ಜೋಡಿಯನ್ನು ಒಳಗೆ ಸೇರಿಸಿಕೊಂಡು ಅದರೆದುರು ಎರಡು ಅಡಿನಿನ್‌ಗಳನ್ನು, ಅಂದರೆ ಸರಿಯಾದವನ್ನೇ, ಕೂರಿಸುತ್ತದೆ. ವೇ ಯಾಂಗ್ ಅವರ ಗುಂಪು 2010ರಲ್ಲಿ ಪ್ರಕಟಿಸಿದ ಸ್ಫಟಿಕ ಚಿತ್ರಗಳಲ್ಲಿ, ಮುರಿದ ಮೂಳೆಗೆ ಕಟ್ಟುವ ದಬ್ಬೆಯಂತೆ ಕಿಣ್ವ ಹೊಸ ಎಳೆಯನ್ನು ನೆಟ್ಟಗೆ ಹಿಡಿದಿರುವುದು ಕಾಣುತ್ತದೆ. ಈ ಅಗಲ ಗೂಡಿಗೆ ತೆರಬೇಕಾದ ಬೆಲೆಯೂ ಇದೆ. ಹಾನಿಯಿಲ್ಲದ ಡಿಎನ್‌ಎ ಮೇಲೆ ಇದು ಸುಮಾರು ನೂರರಿಂದ ಸಾವಿರ ಅಕ್ಷರಕ್ಕೊಂದು ತಪ್ಪು ಮಾಡುತ್ತದೆ, ಮಾಡಿದ ತಪ್ಪನ್ನು ಹಿಂತಿರುಗಿ ತಿದ್ದುವ ಶಕ್ತಿ ಅದಕ್ಕಿಲ್ಲ. ಹಾಗಿದ್ದೂ ಅದು ಇಲ್ಲವಾದರೆ ಗತಿ ಇನ್ನೂ ಕೆಟ್ಟದ್ದು. ಬೆಸೆದ ಜೋಡಿಯ ಎದುರು ಅದಕ್ಕಿಂತ ಹೆಚ್ಚು ಎಡವುವ ಕಿಣ್ವಗಳು ಆ ಜಾಗಕ್ಕೆ ಬರುತ್ತವೆ, ಚರ್ಮದಲ್ಲಿ ಉತ್ಪರಿವರ್ತನೆಗಳು ಗುಡ್ಡೆಬೀಳುತ್ತವೆ.

ಆ ತಪ್ಪುಗಳನ್ನೇ ದೇಹ ಬಳಸಿಕೊಳ್ಳುವ ಸಂದರ್ಭವೂ ಉಂಟು. ಪ್ರತಿಕಾಯಗಳು ವೈವಿಧ್ಯ ಪಡೆಯಲು ಬಿ ಜೀವಕೋಶಗಳಲ್ಲಿ ಬೇಕಾಗುವ ಉತ್ಪರಿವರ್ತನೆಗಳಲ್ಲಿ ಒಂದು ಪಾಲು ಈಟಾದ್ದು ಎಂದು 2001ರಲ್ಲಿ ವೇರಿಯೆಂಟ್ ರೋಗಿಗಳ ಅಧ್ಯಯನದಿಂದಲೇ ತಿಳಿಯಿತು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಮಾತ್ರ ಈ ಕಿಣ್ವ ತೊಡಕಾಗಬಲ್ಲದು: ಸಿಸ್ಪ್ಲಾಟಿನ್ ಔಷಧ ಡಿಎನ್‌ಎಗೆ ಮಾಡುವ ಹಾನಿಯನ್ನೂ ಇದು ದಾಟಿ ಸಾಗುತ್ತದೆ.

ಬ್ರೆಜಿಲ್‌ನ ಗೋಯಾಸ್ ರಾಜ್ಯದ ಅರಾರಾಸ್ ಎಂಬ ಹಳ್ಳಿಯಲ್ಲಿ ಜೀರೋಡರ್ಮಾ ಪಿಗ್ಮೆಂಟೋಸಮ್ ತಲೆಮಾರುಗಳಿಂದ ಮನೆಮಾಡಿದೆ. ಅದು ಬೇಸಾಯದ ಊರು, ಬಿಸಿಲಿಗೆ ಮೈಯೊಡ್ಡದೆ ಬದುಕು ಸಾಗದು. ಸಾವೊ ಪೌಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೆಂಕ್ ಮತ್ತು ಸಹೋದ್ಯೋಗಿಗಳು ಅಲ್ಲಿನ ಕುಟುಂಬಗಳ ಡಿಎನ್‌ಎ ಓದಿ, ಪೋಲ್‌ಎಚ್‌ನಲ್ಲಿ ಎರಡು ಪ್ರತ್ಯೇಕ ಉತ್ಪರಿವರ್ತನೆಗಳು ಪೂರ್ವಿಕರಿಂದ ಹರಿದುಬಂದಿವೆ ಎಂದು 2017ರಲ್ಲಿ ವರದಿ ಮಾಡಿದರು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ ಮಗುವನ್ನು ಈಗ ಮೊದಲ ಚುಕ್ಕೆ ಮೂಡುವ ಮುನ್ನವೇ ಪರೀಕ್ಷೆಯಿಂದ ಗುರುತಿಸಿ ಬಿಸಿಲಿನಿಂದ ಕಾಯಬಹುದು.