ಛಾವಣಿಯ ಡಿಶ್ ಮೌನವಾದರೆ: ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ತಿಳಿದಿರಬೇಕಾದದ್ದು

ತಿಂಗಳ ಶುಲ್ಕವಿಲ್ಲದೆ ಟಿವಿ ನೋಡುವ ಮನೆಗಳಿಗೆ ಇಂದು ದೂರದರ್ಶನದ ಡಿಡಿ ಫ್ರೀ ಡಿಶ್ ಸೇವೆಯೇ ಮುಖ್ಯ ಆಸರೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಆರಂಭವಾದ ಸೇವೆಯಿದು. ಡಿಶ್ ಮತ್ತು ಸೆಟ್ ಟಾಪ್ ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಕೋವಿಡ್‌ನಿಂದಾಗಿ 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ರಾಜ್ಯದ ಮಕ್ಕಳಿಗೆ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಸ್ಮಾರ್ಟ್‌ಫೋನ್ ಇಲ್ಲದ ಮನೆಯಲ್ಲಿ ಡಿಶ್ ಕೆಟ್ಟು ನಿಂತರೆ ಆ ದಿನದ ತರಗತಿಯೇ ತಪ್ಪಿದಂತಾಗುತ್ತಿತ್ತು. ಸುದ್ದಿ, ಹವಾಮಾನ ಮುನ್ಸೂಚನೆಗಳಿಗೆ ಈ ಡಿಶ್ಶನ್ನೇ ನಂಬಿದವರು ಇಂದಿಗೂ ಹಲವರಿದ್ದಾರೆ.

ಆದರೆ ಪರದೆಯ ಮೇಲೆ 'ನೋ ಸಿಗ್ನಲ್' ಎಂದು ಮೂಡಿದ ಕೂಡಲೇ ಬಾಕ್ಸ್ ಕೆಟ್ಟಿತೆಂದು ಹೊಸದನ್ನು ಕೊಳ್ಳುವವರೇ ಹೆಚ್ಚು. ಎಷ್ಟೋ ಸಲ ದೋಷವಿರುವುದು ಬಾಕ್ಸ್‌ನಲ್ಲಲ್ಲ. ತಾರಸಿಯ ಮೇಲಿನ ಡಿಶ್, ಅದರ ಎಲ್‌ಎನ್‌ಬಿ ಅಥವಾ ಮಳೆಬಿಸಿಲಿಗೆ ಒಡ್ಡಿಕೊಂಡ ಕೇಬಲ್‌ನಲ್ಲಿ. ಕ್ರಮವಾಗಿ ಪರಿಶೀಲಿಸಿದರೆ ಬಹುಪಾಲು ತೊಂದರೆಗಳನ್ನು ಮನೆಯವರೇ ಪತ್ತೆ ಹಚ್ಚಬಹುದು.

ಹಳೆಯ ಆಂಟೆನಾ ಇದ್ದರೆ

ಮೊದಲಿಗೆ ಒಂದು ಸ್ಪಷ್ಟೀಕರಣ. ಮೀನಿನ ಮೂಳೆಯಂತೆ ಕಾಣುವ ಹಳೆಯ ಅಲ್ಯೂಮಿನಿಯಂ ಆಂಟೆನಾ ಇನ್ನೂ ಕೆಲವು ಮನೆಗಳ ಮೇಲಿದೆ. ಅದನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಹಿಂದಿನ ಚಿತ್ರ ಬಾರದು. ಪ್ರಸಾರ ಭಾರತಿಯು ಆಯಕಟ್ಟಿನ ಸ್ಥಳಗಳಲ್ಲಿನ ಸುಮಾರು 50 ಟ್ರಾನ್ಸ್‌ಮಿಟರ್‌ಗಳನ್ನು ಹೊರತುಪಡಿಸಿ, ಅನಲಾಗ್ ಭೂಪ್ರಸಾರವನ್ನು 2022ರ ಮಾರ್ಚ್ ವೇಳೆಗೆ ನಿಲ್ಲಿಸಲು ನಿರ್ಧರಿಸಿ ಹಂತಹಂತವಾಗಿ ಮುಚ್ಚಿತು. ಅಂಥ ಆಂಟೆನಾದ ರಿಪೇರಿಗೆ ಹಣ ಸುರಿಯುವುದು ವ್ಯರ್ಥ.

ಮೊದಲು ನೋಡಬೇಕಾದದ್ದು ಪರದೆಯನ್ನು

ತಾರಸಿ ಹತ್ತುವ ಮುನ್ನ ಬಾಕ್ಸ್‌ನ ಮೆನುವಿನಲ್ಲಿ ಇನ್‌ಸ್ಟಾಲೇಷನ್ ಪುಟ ತೆರೆಯಿರಿ. ಅಲ್ಲಿ ಎರಡು ಪಟ್ಟಿಗಳಿರುತ್ತವೆ: ಸಿಗ್ನಲ್ ಸ್ಟ್ರೆಂತ್ ಮತ್ತು ಸಿಗ್ನಲ್ ಕ್ವಾಲಿಟಿ. ಇವೆರಡರ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಸ್ಟ್ರೆಂತ್ ಎಂಬುದು ಕೇಬಲ್‌ನಲ್ಲಿ ಬರುತ್ತಿರುವ ಒಟ್ಟು ಶಕ್ತಿ. ಎಲ್‌ಎನ್‌ಬಿ ಜೀವಂತವಾಗಿದ್ದರೆ ಸಾಕು, ಡಿಶ್ ಖಾಲಿ ಆಕಾಶವನ್ನು ನೋಡುತ್ತಿದ್ದರೂ ಇದು ಸಾಕಷ್ಟು ತೋರಿಸುತ್ತದೆ. ಕ್ವಾಲಿಟಿ ಎಂಬುದು ನಿಜವಾದ ಉಪಗ್ರಹದ ಸಂಕೇತವನ್ನು ಬಾಕ್ಸ್ ಓದಬಲ್ಲದೇ ಎಂಬುದರ ಅಳತೆ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆಯಾಗಿದ್ದರೆ ಡಿಶ್‌ನ ದಿಕ್ಕು ತಪ್ಪಿದೆ ಅಥವಾ ಎದುರಿಗೆ ಅಡ್ಡಿಯಿದೆ ಎಂದು ಊಹಿಸಬಹುದು. ಎರಡೂ ಸೊನ್ನೆಯಾದರೆ ಕೇಬಲ್, ಕನೆಕ್ಟರ್ ಅಥವಾ ಎಲ್‌ಎನ್‌ಬಿಯತ್ತ ಗಮನ ಹರಿಸಬೇಕು.

ಮೆನುವಿನಲ್ಲಿ ಎಲ್‌ಎನ್‌ಬಿ ಬಗೆ 'ಯೂನಿವರ್ಸಲ್' ಎಂದೂ ಅದರ ಆವರ್ತನ 9750/10600 ಎಂದೂ ಇರಬೇಕು. ಮಕ್ಕಳ ಕೈಗೆ ರಿಮೋಟ್ ಸಿಕ್ಕು ಇದು ಬದಲಾಗಿದ್ದರೆ ಡಿಶ್ ಸರಿಯಿದ್ದರೂ ಚಾನೆಲ್ ಬಾರದು.

ಕೆಲವೇ ಚಾನೆಲ್‌ಗಳು ಮಾಯವಾಗಿದ್ದರೆ ಡಿಶ್ ಮುಟ್ಟುವ ಅಗತ್ಯವೇ ಇಲ್ಲ. ಖಾಸಗಿ ವಾಹಿನಿಗಳಿಗೆ ಫ್ರೀ ಡಿಶ್‌ನಲ್ಲಿ ಸ್ಥಾನ ದೊರೆಯುವುದು ಇ-ಹರಾಜಿನ ಮೂಲಕ. ಆದ್ದರಿಂದ ಪಟ್ಟಿ ಆಗಾಗ ಬದಲಾಗುತ್ತದೆ. ಒಮ್ಮೆ ಆಟೋ ಸ್ಕ್ಯಾನ್ ಮಾಡಿ ನೋಡಬೇಕು. ಅಲ್ಲದೆ ಹಳೆಯ ಎಂಪೆಗ್-2 ಬಾಕ್ಸ್‌ಗಳು ಎಂಪೆಗ್-4 ಮಾದರಿಯ ಚಾನೆಲ್‌ಗಳನ್ನು ತೋರಿಸಲಾರವು. ಅದು ಆಂಟೆನಾದ ದೋಷವಲ್ಲ.

ಕೇಬಲ್ ಮತ್ತು ಕನೆಕ್ಟರ್

ಡಿಶ್‌ನಿಂದ ಬಾಕ್ಸ್‌ವರೆಗಿನ ತಂತಿ 75 ಓಮ್‌ನ ಆರ್‌ಜಿ-6 ಕೋಆಕ್ಸಿಯಲ್ ಕೇಬಲ್ ಆಗಿರಬೇಕು. ಈ ತಂತಿ ಸಂಕೇತವನ್ನು ಕೆಳಗೆ ತರುವುದಷ್ಟೇ ಅಲ್ಲ, ಬಾಕ್ಸ್‌ನಿಂದ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ವಿದ್ಯುತ್ತನ್ನೂ ಮೇಲಕ್ಕೆ ಒಯ್ಯುತ್ತದೆ. ಹೊರಕವಚದ ಹೆಣಿಗೆ ತಂತಿಯ ಒಂದೇ ಒಂದು ಎಳೆ ನಡುವಿನ ತಾಮ್ರದ ತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ. ಆದ್ದರಿಂದ ಕನೆಕ್ಟರ್ ಬಿಚ್ಚುವ, ಕಟ್ಟುವ ಕೆಲಸವನ್ನು ಬಾಕ್ಸ್‌ನ ಪ್ಲಗ್ ತೆಗೆದೇ ಮಾಡಬೇಕು.

ಕನೆಕ್ಟರ್ ಬಿಚ್ಚಿದಾಗ ನಡುವಿನ ತಂತಿ ಹಸಿರುಗಟ್ಟಿದ್ದರೆ ಅಥವಾ ಕಪ್ಪಾಗಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ. ಕೆಟ್ಟ ಭಾಗವನ್ನು ಕತ್ತರಿಸಿ ಹೊಸ ಎಫ್-ಕನೆಕ್ಟರ್ ಹಾಕಿ, ಮೇಲೆ ನೀರು ನುಗ್ಗದ ಟೇಪ್ ಸುತ್ತಬೇಕು. ಎಲ್‌ಎನ್‌ಬಿಯ ಬಳಿ ಕೇಬಲ್ಲನ್ನು ಬಿಗಿಯಾಗಿ ಎಳೆಯದೆ ಕೆಳಮುಖವಾಗಿ ಒಂದು ಸುತ್ತು ಇಳಿಬಿಟ್ಟರೆ ಮಳೆನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಕಿಟಕಿಯ ಸಂದಿಯಲ್ಲಿ ಜಜ್ಜಿಹೋದ, ಇಲಿ ಕಡಿದ, ನಡುನಡುವೆ ಜೋಡಿಸಿದ ಕೇಬಲ್ಲನ್ನು ಬದಲಿಸುವುದೇ ಲೇಸು.

ಕೇಬಲ್‌ನ ಎರಡೂ ತುದಿ ಸರಿಯಿದ್ದು, ಮೇಲ್ತುದಿಯಲ್ಲಿ ಮಲ್ಟಿಮೀಟರ್ 13 ಅಥವಾ 18 ವೋಲ್ಟ್ ತೋರಿಸಿಯೂ ಸ್ಟ್ರೆಂತ್ ಸೊನ್ನೆಯೇ ಇದ್ದರೆ ಎಲ್‌ಎನ್‌ಬಿ ಕೆಟ್ಟಿರುವ ಸಾಧ್ಯತೆ ಹೆಚ್ಚು. ಅದರ ಮುಂಭಾಗದ ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಟ್ಟಿದೆಯೇ, ಒಳಗೆ ನೀರು ಅಥವಾ ಕಣಜದ ಗೂಡು ಇದೆಯೇ ಎಂಬುದನ್ನೂ ನೋಡಬೇಕು.

ದಿಕ್ಕು: ಆಗ್ನೇಯಕ್ಕೆ, ಎತ್ತರಕ್ಕೆ

ಫ್ರೀ ಡಿಶ್‌ನ ಸಂಕೇತ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಉಡಾವಣೆಯಾದ ಇದು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಕರ್ನಾಟಕದಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ಆಕಾಶದ ಬಹು ಮೇಲ್ಭಾಗದಲ್ಲಿ ಇರುತ್ತದೆ. ಉತ್ತರದಿಂದ ಪೂರ್ವದ ಕಡೆಗೆ ಎಣಿಸಿದ ದಿಕ್ಕು ಮತ್ತು ದಿಗಂತದಿಂದ ಮೇಲಕ್ಕೆ ಎಣಿಸಿದ ಎತ್ತರ ಸ್ಥೂಲವಾಗಿ ಹೀಗಿವೆ:

ಬೆಂಗಳೂರು: ದಿಕ್ಕು 128 ಡಿಗ್ರಿ, ಎತ್ತರ 66 ಡಿಗ್ರಿ
ಮೈಸೂರು: ದಿಕ್ಕು 125, ಎತ್ತರ 66
ಮಂಗಳೂರು: ದಿಕ್ಕು 123, ಎತ್ತರ 64
ಹುಬ್ಬಳ್ಳಿ: ದಿಕ್ಕು 129, ಎತ್ತರ 62
ಬೆಳಗಾವಿ: ದಿಕ್ಕು 128, ಎತ್ತರ 61
ಕಲಬುರಗಿ: ದಿಕ್ಕು 135, ಎತ್ತರ 62

ಮೊಬೈಲ್ ಫೋನ್‌ನ ದಿಕ್ಸೂಚಿಯೇ ಇದಕ್ಕೆ ಸಾಕು. ಆದರೆ ಕಬ್ಬಿಣದ ಕಂಬದಿಂದ ಒಂದೆರಡು ಹೆಜ್ಜೆ ದೂರ ನಿಂತು ನೋಡಬೇಕು. ಮನೆಗಳಲ್ಲಿ ಬಳಸುವ ಆಫ್‌ಸೆಟ್ ಡಿಶ್‌ಗಳು ನೆಟ್ಟಗೆ ನಿಂತಿದ್ದರೂ ಸುಮಾರು 22ರಿಂದ 25 ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತವೆ. ಆದ್ದರಿಂದ ಬೆಂಗಳೂರಿನಲ್ಲಿ ಡಿಶ್ಶನ್ನು ನೆಟ್ಟಗಿನ ಸ್ಥಿತಿಯಿಂದ ಹಿಂದಕ್ಕೆ ಸುಮಾರು 42 ಡಿಗ್ರಿ ಮಲಗಿಸಿದರೆ ಸಾಕು. ಕಂಬ ಮಾತ್ರ ತೂಗುಗುಂಡಿನ ನೇರಕ್ಕೆ ನಿಂತಿರಲೇಬೇಕು. ಕಂಬ ವಾಲಿದ್ದರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ.

ಸರಿಪಡಿಸುವಾಗ ಅವಸರ ಸಲ್ಲದು. 60 ಸೆಂ.ಮೀ. ಡಿಶ್‌ನ ಅಂಚು ಒಂದು ಸೆಂ.ಮೀ. ಸರಿದರೆ ನೋಟ ಸುಮಾರು 2 ಡಿಗ್ರಿ ತಿರುಗುತ್ತದೆ; ಕ್ವಾಲಿಟಿ ಕುಸಿಯಲು ಅಷ್ಟೇ ಸಾಕು. ಕೋತಿ ಜೋತುಬಿದ್ದರೆ ಅಥವಾ ಮುಂಗಾರು ಪೂರ್ವದ ಗಾಳಿ ಜೋರಾಗಿ ಬೀಸಿದರೆ ಚಿತ್ರ ಹೋಗುವುದು ಇದೇ ಕಾರಣಕ್ಕೆ. ಮೊದಲು ಎತ್ತರ ಹೊಂದಿಸಿ, ನಂತರ ಡಿಶ್ಶನ್ನು ಎಡಬಲಕ್ಕೆ ಕೂದಲೆಳೆಯಷ್ಟು ಸರಿಸುತ್ತ, ಪ್ರತಿ ಸಲ ಎರಡು ಮೂರು ಸೆಕೆಂಡು ಕಾಯಬೇಕು. ಕೆಳಗೆ ಟಿವಿ ಮುಂದೆ ಒಬ್ಬರು ಕುಳಿತು ಕ್ವಾಲಿಟಿಯನ್ನು ಫೋನ್‌ನಲ್ಲಿ ಹೇಳುತ್ತಿದ್ದರೆ ಕೆಲಸ ಸಲೀಸು. ಕೊನೆಯಲ್ಲಿ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯೊಳಗೇ ನಿಧಾನ ತಿರುಗಿಸಿ, ಕ್ವಾಲಿಟಿ ಅತಿ ಹೆಚ್ಚಾದ ಕಡೆ ನಿಲ್ಲಿಸಬೇಕು. ಬೆಂಗಳೂರಿನಲ್ಲಿ ಈ ಓರೆ ಸುಮಾರು 50 ಡಿಗ್ರಿ ಇರುವುದರಿಂದ ಅದು ಸೊಟ್ಟಗೆ ಕಂಡರೆ ಗಾಬರಿ ಬೇಡ.

ಪಕ್ಕದಲ್ಲೇ, 95 ಡಿಗ್ರಿಯಲ್ಲಿ, ಎಸ್‌ಇಎಸ್-8 ಎಂಬ ಮತ್ತೊಂದು ಉಪಗ್ರಹವಿದೆ. ಕ್ವಾಲಿಟಿ ಬಂದರೂ ಸ್ಕ್ಯಾನ್ ಮಾಡಿದಾಗ ಹಣ ಕೇಳುವ ಚಾನೆಲ್‌ಗಳೇ ಕಂಡರೆ ಡಿಶ್ ನೆರೆಯ ಉಪಗ್ರಹದತ್ತ ತಿರುಗಿದೆ ಎಂದು ತಿಳಿಯಬೇಕು.

ಮರ, ಮಳೆ ಮತ್ತು ಸೂರ್ಯ

ಡಿಶ್ ಹಾಕಿದಾಗ ಗಿಡವಾಗಿದ್ದ ತೆಂಗು ಕೆಲ ವರ್ಷಗಳಲ್ಲಿ ಗರಿ ಚಾಚಿ ದಾರಿ ಮುಚ್ಚುತ್ತದೆ. ಗಾಳಿ ಬೀಸಿದಾಗಲೆಲ್ಲ ಚಿತ್ರ ಚೂರುಚೂರಾಗಿ ಒಡೆದರೆ ಮರವನ್ನೇ ಶಂಕಿಸಬೇಕು. ಇದನ್ನು ತಿಳಿಯಲು ಸೂರ್ಯನೇ ನೆರವಾಗುತ್ತಾನೆ. ಮಾರ್ಚ್ ಮಧ್ಯಭಾಗ ಹಾಗೂ ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ, ಬೆಳಿಗ್ಗೆ 11 ಗಂಟೆಯ ಆಸುಪಾಸಿನಲ್ಲಿ, ನಮ್ಮ ರಾಜ್ಯದಿಂದ ನೋಡಿದರೆ ಸೂರ್ಯ ಸರಿಸುಮಾರು ಈ ಉಪಗ್ರಹದ ನೇರಕ್ಕೇ ಇರುತ್ತಾನೆ. ಆ ವೇಳೆಯಲ್ಲಿ ಡಿಶ್ ಮೇಲೆ ಮರದ ಅಥವಾ ಗೋಡೆಯ ನೆರಳು ಬಿದ್ದರೆ ಉಪಗ್ರಹದ ದಾರಿಗೂ ಅಡ್ಡಿಯಿದೆ ಎಂದೇ ಅರ್ಥ. ಅದೇ ದಿನಗಳಲ್ಲಿ ಕೆಲವು ನಿಮಿಷ ಸಿಗ್ನಲ್ ತಾನಾಗಿ ಹೋಗಿ ಬರುವುದೂ ಉಂಟು. ಸೂರ್ಯನ ರೇಡಿಯೋ ಗದ್ದಲ ಉಪಗ್ರಹದ ಸಂಕೇತವನ್ನು ಮುಳುಗಿಸುವುದೇ ಇದಕ್ಕೆ ಕಾರಣ. ಇದಕ್ಕೆ ರಿಪೇರಿ ಬೇಕಿಲ್ಲ.

ಕರಾವಳಿ, ಮಲೆನಾಡುಗಳ ಜಡಿಮಳೆಯಲ್ಲಿ ಚಿತ್ರ ಹೋಗುವುದೂ ಸಹಜ. ಕೆಯು ಬ್ಯಾಂಡ್ ತರಂಗಗಳನ್ನು ಮಳೆಹನಿಗಳು ಹೀರಿಕೊಳ್ಳುತ್ತವೆ. ಮಳೆ ತಗ್ಗಿದೊಡನೆ ಚಿತ್ರ ಮರಳಿದರೆ ಸಾಧನಗಳು ಸರಿಯಿವೆ. ತುಂತುರು ಮಳೆಗೂ ಚಿತ್ರ ಹೋಗುತ್ತಿದ್ದರೆ ಡಿಶ್ ಸ್ವಲ್ಪ ಸರಿದಿರಬಹುದು. ಮಳೆ ಹೆಚ್ಚಿರುವ ಊರುಗಳಲ್ಲಿ 60ರ ಬದಲು 90 ಸೆಂ.ಮೀ. ಡಿಶ್ ಹಾಕಿದರೆ ಸಿಗ್ನಲ್ ಹೆಚ್ಚು ಹೊತ್ತು ತಾಳುತ್ತದೆ.

ಜೀವಕ್ಕಿಂತ ಚಿತ್ರ ದೊಡ್ಡದಲ್ಲ

ಮಳೆಯಲ್ಲಿ, ಗುಡುಗು ಕೇಳಿಸುವಾಗ, ಪಾಚಿಗಟ್ಟಿದ ತಾರಸಿಯ ಮೇಲೆ ಡಿಶ್ ಸರಿಪಡಿಸಲು ಹೋಗಬಾರದು. ಕಂಬ ಉರುಳಿದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಬೇಕು. ಕಂಬಕ್ಕೆ ಅರ್ಥಿಂಗ್ ಮಾಡಿಸಿರಬೇಕು. ಏಪ್ರಿಲ್-ಮೇ ತಿಂಗಳ ಸಿಡಿಲಿನ ದಿನಗಳಲ್ಲಿ ಗುಡುಗು ಆರಂಭವಾಗುವ ಮೊದಲೇ ಬಾಕ್ಸ್‌ನ ಪ್ಲಗ್ ಮತ್ತು ಡಿಶ್ ಕೇಬಲ್ ಎರಡನ್ನೂ ಬಿಚ್ಚಿಡುವುದು ಕ್ಷೇಮ. ಸ್ವಿಚ್ ಆರಿಸಿದರಷ್ಟೇ ಸಾಲದು. ಸಿಡಿಲು ಕೇಬಲ್ ಮೂಲಕವೂ ಒಳಬರಬಲ್ಲದು.

ಒಂದೇ ನೋಟದಲ್ಲಿ

* ಸ್ಟ್ರೆಂತ್, ಕ್ವಾಲಿಟಿ ಎರಡೂ ಸೊನ್ನೆ: ಕೇಬಲ್, ಕನೆಕ್ಟರ್, ಎಲ್‌ಎನ್‌ಬಿ ನೋಡಿ.
* ಸ್ಟ್ರೆಂತ್ ಇದೆ, ಕ್ವಾಲಿಟಿ ಇಲ್ಲ: ಡಿಶ್‌ನ ದಿಕ್ಕು, ಎದುರಿನ ಮರ, ಮೆನುವಿನ ಆವರ್ತನ ನೋಡಿ.
* ಕ್ವಾಲಿಟಿ ಏರಿಳಿಯುತ್ತಿದೆ: ಸಡಿಲ ಬೋಲ್ಟ್, ಅಲುಗುವ ಕಂಬ, ತೆಂಗಿನ ಗರಿ ನೋಡಿ.
* ಕೆಲವೇ ಚಾನೆಲ್ ಇಲ್ಲ: ಮರು ಸ್ಕ್ಯಾನ್ ಮಾಡಿ, ಬಾಕ್ಸ್‌ನ ಮಾದರಿ ಪರಿಶೀಲಿಸಿ.
* ಜಡಿಮಳೆಯಲ್ಲಿ ಮಾತ್ರ ಹೋಗುತ್ತದೆ: ಮಳೆ ನಿಲ್ಲುವವರೆಗೆ ಕಾಯಿರಿ.
* ಫ್ರೀ ಡಿಶ್ ರೀಚಾರ್ಜ್ ಎಂದು ಯಾರಾದರೂ ಹಣ ಕೇಳಿದರೆ: ಕೊಡಬೇಡಿ. ಈ ಸೇವೆಗೆ ತಿಂಗಳ ಶುಲ್ಕವೇ ಇಲ್ಲ.