ಪಂಢರಪುರದ ಸಣ್ಣ ರೈಲು

ನಮ್ಮ ಮಣ್ಣೂರಿಗೆ ರೈಲು ಬಂದಿಲ್ಲ. ಆದರೆ ಭೀಮಾ ದಂಡೆಯ ನಮ್ಮ ಮಂದಿಗೆ ಹೊಳಿಯ ಮೇಲ್ಗಡೆ ಓಡುತ್ತಿದ್ದ ಬಾರ್ಶಿ ಲೈಟ್ ರೈಲ್ವೆ ಪರಕೀಯವಲ್ಲ. ಆಷಾಢ ಏಕಾದಶಿಗೆ ರೈಲಿನಲ್ಲಿ ಹೊರಟವರು ಸೊಲ್ಲಾಪುರ ದಾಟಿ, ಕುರ್ಡುವಾಡಿಯಲ್ಲಿ ಇಳಿದು ಈ ಸಣ್ಣ ಗಾಡಿ ಹತ್ತಬೇಕಾಗಿತ್ತು. ಶಾಲೆಯ ಮಕ್ಕಳ ಸಂಘ ಮಾದರಿ ಮಾಡುವುದಾದರೆ ಇದಕ್ಕಿಂತ ಒಳ್ಳೆಯ ವಿಷಯ ನಮಗೆ ಕಾಣದು.

ಎವರಾರ್ಡ್ ಕಾಲ್‌ಥ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರ್ ಇದನ್ನು ಕಟ್ಟಿಸಿದ. 1897ರಲ್ಲಿ ಕುರ್ಡುವಾಡಿ-ಬಾರ್ಶಿ ನಡುವೆ ಸುರುವಾಗಿ, 1906ರಲ್ಲಿ ಪಂಢರಪುರಕ್ಕೆ, 1927ರಲ್ಲಿ ಮಿರಜಕ್ಕೆ ಮುಟ್ಟಿತು. ಹಳಿಗಳ ಅಂತರ ಬರೇ 2 ಅಡಿ 6 ಇಂಚು. ಒಂದು ಅಚ್ಚಿನ ಮೇಲೆ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದೆಂಬುದು ಅವನ ಲೆಕ್ಕ. ಇಂಜಿನ್ನಿನ ತೂಕವನ್ನೂ ಹೆಚ್ಚು ಗಾಲಿಗಳಿಗೆ ಹಂಚಿದ. ಹಗುರ ಹಳಿ ಸಾಕಾಯಿತು, ಖರ್ಚು ಉಳಿಯಿತು. ಬಂಡಿ ಹೇರುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಐವತ್ತರಲ್ಲೊಂದು ಅಳತೆಗೆ ಇಳಿಸಿದರೆ ಸಣ್ಣ ಹಳಿ ಸುಮಾರು 15 ಮಿಲಿಮೀಟರ್, ದೊಡ್ಡದು 33½. ಎರಡನ್ನೂ ಅಕ್ಕಪಕ್ಕ ಕೂಡಿಸಬೇಕು. ಯಾಕಂದ್ರ ಇಂಜಿನ್ ಒಂದನ್ನೇ ಚಂದ ಮಾಡಿಟ್ಟರೆ ಕುರ್ಡುವಾಡಿಯ ಕಥೆ ಅರ್ಧ. ಸಣ್ಣ ಡಬ್ಬಿ ದೊಡ್ಡ ಹಳಿಯ ಮೇಲೆ ಹೋಗದು. ಚೀಲಗಳನ್ನು ಇಳಿಸಿ ಮತ್ತೆ ಹೇರಬೇಕಿತ್ತು. ಮಾದರಿಯಲ್ಲಿ ಹಮಾಲರ ಬೊಂಬೆಗಳು ಇರಲೇಬೇಕು, ನಾಲ್ಕು ಹೆಚ್ಚಾದರೂ ಚಿಂತಿಲ್ಲ.

1954ರಲ್ಲಿ ಈ ಕಂಪನಿಯ ರೈಲನ್ನು ಸರಕಾರ ಕೊಂಡಿತು. 2000ದ ನಂತರ ದಾರಿ ಹಂತ ಹಂತವಾಗಿ ದೊಡ್ಡ ಹಳಿಯಾಯಿತು, ಸಣ್ಣ ಗಾಡಿ ನಿಂತಿತು. ಅದರಲ್ಲಿ ಕೂತು ಬಂದವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬೆಂಚು ಹೆಂಗಿತ್ತು, ಕಿಟಕಿ ಎಷ್ಟಿದ್ದವು ಎಂದು ಮಕ್ಕಳು ಮೊದಲು ಅವರನ್ನು ಕೇಳಿ ಬರೆದುಕೊಳ್ಳಲಿ. ರಟ್ಟು ಕತ್ತರಿಸುವುದು ಆಮೇಲೆ.