ಫ್ಯಾಷನ್ ಸಂಗೀತ ವೀಡಿಯೊ

ಫ್ಯಾಷನ್ ಸಂಗೀತ ವೀಡಿಯೊ ಎಂಬುದು ಹಾಡೊಂದರ ದೃಶ್ಯರೂಪದಲ್ಲಿ ಕಥೆಗಿಂತಲೂ ಉಡುಗೆ, ಆಭರಣ, ಕೇಶವಿನ್ಯಾಸ ಮತ್ತು ಬಣ್ಣಗಳಿಗೆ ಪ್ರಾಧಾನ್ಯ ನೀಡುವ ಕಿರುಚಿತ್ರ ಪ್ರಕಾರವಾಗಿದೆ. ಇದರ ಸಿದ್ಧತೆಯಲ್ಲಿ ಎರಡು ಮುಖ್ಯ ಹಂತಗಳಿವೆ. ಮೊದಲನೆಯದು ದೃಶ್ಯ ಪ್ರೇರಣೆಯ ಸಂಗ್ರಹ. ಎರಡನೆಯದು ಆ ಸಂಗ್ರಹವನ್ನು ಸ್ಥಳ, ಉಡುಗೆ, ಬೆಳಕು ಮತ್ತು ವೇಳೆಯ ಲೆಕ್ಕಕ್ಕೆ ಇಳಿಸುವ ಚಿತ್ರೀಕರಣಪೂರ್ವ ಯೋಜನೆ. ಕರ್ನಾಟಕದಲ್ಲಿ ರೇಷ್ಮೆ, ಅರಗಿನ ಮರಗೆಲಸ, ಜಾನಪದ ವಸ್ತುಸಂಗ್ರಹ ಮತ್ತು ಗ್ರಾನೈಟ್ ಬೆಟ್ಟಗಳು ಸಮೀಪದಲ್ಲಿಯೇ ದೊರೆಯುವ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಪ್ರದೇಶವು ಈ ಎರಡೂ ಹಂತಗಳನ್ನು ಅರಿಯಲು ಉತ್ತಮ ನಿದರ್ಶನವಾಗಿದೆ.

## ಇತಿಹಾಸ

ಅಮೆರಿಕದಲ್ಲಿ 1981ರ ಆಗಸ್ಟ್ 1ರಂದು ಎಂಟಿವಿ ವಾಹಿನಿ ಆರಂಭವಾದ ನಂತರ ಸಂಗೀತ ವೀಡಿಯೊಗಳು ಹಾಡಿನ ಪ್ರಚಾರದ ಪ್ರಮುಖ ಸಾಧನವಾದವು. 1986ರಲ್ಲಿ ರಾಬರ್ಟ್ ಪಾಮರ್ ಅವರ 'ಅಡಿಕ್ಟೆಡ್ ಟು ಲವ್' ಹಾಡಿನ ವೀಡಿಯೊವನ್ನು ಫ್ಯಾಷನ್ ಛಾಯಾಗ್ರಾಹಕ ಟೆರೆನ್ಸ್ ಡೊನೊವನ್ ನಿರ್ದೇಶಿಸಿದರು. ಒಂದೇ ಬಗೆಯ ಕಪ್ಪು ಉಡುಪು ಮತ್ತು ಪ್ರಸಾಧನದಲ್ಲಿ ನಿಂತ ರೂಪದರ್ಶಿಯರ ಸಾಲೇ ಆ ವೀಡಿಯೊದ ಗುರುತಾಯಿತು.

1990ರಲ್ಲಿ ಡೇವಿಡ್ ಫಿಂಚರ್ ನಿರ್ದೇಶಿಸಿದ ಎರಡು ವೀಡಿಯೊಗಳು ಈ ಪ್ರಕಾರದಲ್ಲಿ ಮೈಲಿಗಲ್ಲುಗಳೆನಿಸಿವೆ. ಮಡೋನಾ ಅವರ 'ವೋಗ್' ಕಪ್ಪು-ಬಿಳುಪಿನಲ್ಲಿದ್ದು, ಛಾಯಾಗ್ರಾಹಕ ಹಾರ್ಸ್ಟ್ ಪಿ. ಹಾರ್ಸ್ಟ್ ಅವರು 1939ರಲ್ಲಿ ತೆಗೆದ ಪ್ರಸಿದ್ಧ ಚಿತ್ರವೊಂದರ ಭಂಗಿಯನ್ನು ಮರುಸೃಷ್ಟಿಸಿತು. ಜಾರ್ಜ್ ಮೈಕಲ್ ಅವರ 'ಫ್ರೀಡಂ! 90' ವೀಡಿಯೊದಲ್ಲಿ ಗಾಯಕರು ಕಾಣಿಸಿಕೊಳ್ಳದೆ, ನವೋಮಿ ಕ್ಯಾಂಪ್‌ಬೆಲ್, ಲಿಂಡಾ ಇವಾಂಜೆಲಿಸ್ಟಾ ಮೊದಲಾದ ಐವರು ರೂಪದರ್ಶಿಯರು ಹಾಡಿಗೆ ತುಟಿ ಸೇರಿಸಿದರು. ಅದೇ ವರ್ಷದ ಜನವರಿಯಲ್ಲಿ ಬ್ರಿಟಿಷ್ 'ವೋಗ್' ಪತ್ರಿಕೆ ಪೀಟರ್ ಲಿಂಡ್‌ಬರ್ಗ್ ತೆಗೆದ ಈ ಐವರ ಚಿತ್ರವನ್ನು ಮುಖಪುಟದಲ್ಲಿ ಪ್ರಕಟಿಸಿತ್ತು.

ಭಾರತದಲ್ಲಿ 1990ರ ದಶಕದ ಉಪಗ್ರಹ ವಾಹಿನಿಗಳು ಚಲನಚಿತ್ರೇತರ ಹಾಡುಗಳಿಗೆ ಅವಕಾಶ ಕಲ್ಪಿಸಿದವು. ಅಲಿಶಾ ಚಿನಾಯ್ ಹಾಡಿದ, ಕೆನ್ ಘೋಷ್ ನಿರ್ದೇಶಿಸಿದ 'ಮೇಡ್ ಇನ್ ಇಂಡಿಯಾ' (1995) ವೀಡಿಯೊದಲ್ಲಿ ರೂಪದರ್ಶಿ ಮಿಲಿಂದ್ ಸೋಮನ್ ಕಾಣಿಸಿಕೊಂಡರು. ಕನ್ನಡದಲ್ಲಿ ಹಾಡಿನ ಉಡುಗೆ ಬಹುಕಾಲ ಚಲನಚಿತ್ರದ ವಸ್ತ್ರವಿನ್ಯಾಸದ ಭಾಗವಾಗಿಯೇ ಇತ್ತು. ಸ್ವತಂತ್ರ ಗಾಯಕರು ಬೆಳೆದಂತೆ ವೇದಿಕೆಯ ಉಡುಗೆ ಗಾಯಕರ ಗುರುತಾಗತೊಡಗಿತು. ಶಿಶುನಾಳ ಶರೀಫರ ತತ್ವಪದಗಳನ್ನು ಹೊಸ ವಾದ್ಯಮೇಳದೊಂದಿಗೆ ಹಾಡುವ ರಘು ದೀಕ್ಷಿತ್ ಅವರ ಬಣ್ಣದ ಲುಂಗಿ ಮತ್ತು ಕಾಲಿನ ಗೆಜ್ಜೆ ಇದಕ್ಕೆ ಪರಿಚಿತ ಉದಾಹರಣೆ.

## ದೃಶ್ಯ ಪ್ರೇರಣೆಯ ಸಂಗ್ರಹ

ಹಾಡಿನ ಲಯ, ಸಾಹಿತ್ಯ ಮತ್ತು ಭಾವಕ್ಕೆ ಹೊಂದುವ ಚಿತ್ರ, ಬಟ್ಟೆಯ ತುಣುಕು, ಬಣ್ಣದ ಮಾದರಿ ಹಾಗೂ ಸ್ಥಳಚಿತ್ರಗಳನ್ನು ಒಂದೇ ಹಲಗೆಯ ಮೇಲೆ ಜೋಡಿಸುವುದನ್ನು ಮೂಡ್ ಬೋರ್ಡ್ ಎನ್ನುತ್ತಾರೆ. ನಿರ್ದೇಶಕ, ಛಾಯಾಗ್ರಾಹಕ, ವಸ್ತ್ರವಿನ್ಯಾಸಕ ಮತ್ತು ಗಾಯಕ ಒಂದೇ ಮಾತಿಗೆ ಬೇರೆ ಬೇರೆ ಅರ್ಥ ಕಲ್ಪಿಸಿಕೊಳ್ಳದಂತೆ ಇದು ತಡೆಯುತ್ತದೆ. 'ಹಳದಿ' ಎಂದಾಗ ಅದು ಅರಿಶಿನದ ಹಳದಿಯೋ ರೇಷ್ಮೆಗೂಡಿನ ತಿಳಿಹಳದಿಯೋ ಎಂಬುದು ಮಾದರಿಯನ್ನು ಕಣ್ಣಾರೆ ಕಂಡಾಗ ಮಾತ್ರ ಇತ್ಯರ್ಥವಾಗುತ್ತದೆ.

ಅಂತರಜಾಲದಲ್ಲಿ ದೊರೆಯುವ ಚಿತ್ರಗಳನ್ನಷ್ಟೇ ಆಧರಿಸಿದ ಸಂಗ್ರಹಕ್ಕೆ ಒಂದು ಮಿತಿಯಿದೆ: ಅವು ಈಗಾಗಲೇ ಮತ್ತೊಬ್ಬರ ಬೆಳಕು, ಭಂಗಿ ಮತ್ತು ವಿನ್ಯಾಸಗಳಾಗಿರುತ್ತವೆ. ಆದ್ದರಿಂದ ಚಿತ್ರೀಕರಣದ ಸ್ಥಳಕ್ಕೆ ಮುಂಚಿತವಾಗಿ ಹೋಗಿ ತೆಗೆದ ಛಾಯಾಚಿತ್ರಗಳು ಮತ್ತು ಕುಶಲಕರ್ಮಿಗಳಿಂದ ಪಡೆದ ಮಾದರಿಗಳು ಸಂಗ್ರಹದಲ್ಲಿರುವುದು ಅಗತ್ಯ. ಪ್ರತಿ ಚಿತ್ರದ ಜೊತೆಗೆ ಮೂರು ವಿವರಗಳನ್ನು ಬರೆದಿಡುವುದು ಉಪಯುಕ್ತ:

* ಚಿತ್ರದ ಮೂಲ ಯಾವುದು, ಅದನ್ನು ರಚಿಸಿದವರು ಯಾರು;
* ಅದರಿಂದ ತೆಗೆದುಕೊಳ್ಳುವ ಅಂಶ ಯಾವುದು: ಬಣ್ಣವೋ, ಆಕಾರವೋ, ಬೆಳಕೋ, ಚಲನೆಯೋ;
* ಹಾಡಿನ ಯಾವ ಭಾಗಕ್ಕೆ ಅದು ಸಲ್ಲುತ್ತದೆ.

ಮೂರನೆಯ ಪ್ರಶ್ನೆಗೆ ಉತ್ತರ ದೊರೆಯದ ಚಿತ್ರವನ್ನು ಸಾಮಾನ್ಯವಾಗಿ ಹಲಗೆಯಿಂದ ತೆಗೆದುಹಾಕಲಾಗುತ್ತದೆ.

## ರಾಮನಗರ ಪ್ರದೇಶದ ದೃಶ್ಯಮೂಲಗಳು

ರಾಮನಗರವು ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 50 ಕಿ.ಮೀ. ದೂರದಲ್ಲಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಪ್ರತ್ಯೇಕಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು.

### ಬಂಡೆ ಮತ್ತು ಬೆಳಕು

ಊರಿನ ಸುತ್ತಲ ಬೆಟ್ಟಗಳು 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಭೂವಿಜ್ಞಾನದಲ್ಲಿ ಹೆಸರಾದ, ಸುಮಾರು 250 ಕೋಟಿ ವರ್ಷ ಹಳೆಯ ಶಿಲೆಯಿಂದಾಗಿವೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಿಂದಿನ ಹೆಸರು. ಈ ಶಿಲೆ ಬೂದು ಮತ್ತು ನಸುಗೆಂಪು ಬಣ್ಣಗಳ ಮಿಶ್ರಣವಾಗಿದ್ದು, ಮಳೆನೀರು ಹರಿದ ಕಡೆ ಉದ್ದನೆಯ ಕಪ್ಪು ಪಟ್ಟೆಗಳು ಕಾಣುತ್ತವೆ. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ನಸುಗೆಂಪು ಎದ್ದುಕಾಣುತ್ತದೆ. ನಡುಹಗಲಿನಲ್ಲಿ ಬಂಡೆ ಬಿಳಿಚಿದಂತೆ ತೋರುತ್ತದೆ. ಮಣ್ಣಿನ ಬಣ್ಣದ ಉಡುಗೆ ಇಲ್ಲಿ ಹಿನ್ನೆಲೆಯಲ್ಲಿ ಕರಗಿಹೋಗುವುದರಿಂದ ಗಾಢ ನೀಲಿ, ಕುಂಕುಮಗೆಂಪು ಮತ್ತು ಹಳದಿ ಬಣ್ಣಗಳು ಹೆಚ್ಚು ಸ್ಪಷ್ಟವಾಗಿ ಮೂಡುತ್ತವೆ. ಮಾಗಡಿ ತಾಲ್ಲೂಕಿನ ಸಾವನದುರ್ಗ ಏಕಶಿಲಾ ಬೆಟ್ಟವು ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರವಿದೆ. ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' (1984) ಚಿತ್ರದ ಗುಹೆಗಳ ದೃಶ್ಯಗಳಿಗೆ ಸಾವನದುರ್ಗ ಮತ್ತು ರಾಮದೇವರಬೆಟ್ಟಗಳು ಹಿನ್ನೆಲೆಯಾದವು. ಕನಕಪುರ ತಾಲ್ಲೂಕಿನ ಸಂಗಮ ಮತ್ತು ಮೇಕೆದಾಟು ಕಾವೇರಿಯ ಬಂಡೆಗಳ ಕಣಿವೆಯ ದೃಶ್ಯಗಳನ್ನು ನೀಡುತ್ತವೆ.

### ರೇಷ್ಮೆ

ರಾಮನಗರವು ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಗೆ ಪ್ರಸಿದ್ಧವಾಗಿದ್ದು, 'ರೇಷ್ಮೆ ನಗರಿ' ಎಂದು ಕರೆಯಲ್ಪಡುತ್ತದೆ. ಮಿಶ್ರತಳಿಯ ಗೂಡುಗಳು ಹಸಿರು ಬೆರೆತ ತಿಳಿಹಳದಿಯಾಗಿಯೂ ದ್ವಿತಳಿಯ ಗೂಡುಗಳು ಬೆಳ್ಳಗೂ ಇರುತ್ತವೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಸುರುಳಿ, ಬಿಚ್ಚಣಿಕೆ ಕೇಂದ್ರಗಳಲ್ಲಿನ ಬಿಸಿನೀರಿನ ಹಬೆ ಮತ್ತು ತಿರುಗುವ ರಾಟೆಯ ಮೇಲಿನ ಹಸಿ ನೂಲು ವಸ್ತ್ರವಿನ್ಯಾಸಕ್ಕೆ ನೇರವಾದ ಪ್ರೇರಣೆ ಒದಗಿಸುತ್ತವೆ. ಹಿಪ್ಪುನೇರಳೆ ರೇಷ್ಮೆಯ ಎಳೆಯ ಅಡ್ಡಸೀಳು ಹೆಚ್ಚುಕಡಿಮೆ ತ್ರಿಕೋನಾಕಾರವಾಗಿರುವುದರಿಂದ ಅದು ಬೆಳಕನ್ನು ಹಲವು ಕೋನಗಳಲ್ಲಿ ಪ್ರತಿಫಲಿಸುತ್ತದೆ. ಆದ್ದರಿಂದ ನಿಂತ ಸೀರೆಗಿಂತ ಚಲಿಸುವ ಸೀರೆ ಕ್ಯಾಮರಾದಲ್ಲಿ ಹೆಚ್ಚು ಹೊಳೆಯುತ್ತದೆ. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನು ಇಂದು ನಡೆಸುತ್ತಿರುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವು ಚನ್ನಪಟ್ಟಣದಲ್ಲಿಯೂ ಘಟಕವನ್ನು ಹೊಂದಿದೆ.

### ಅರಗಿನ ಮರಗೆಲಸ

ಚನ್ನಪಟ್ಟಣದ ಗೊಂಬೆಗಳಿಗೆ ಸಾಂಪ್ರದಾಯಿಕವಾಗಿ ಆಲೆ ಮರವನ್ನು ಬಳಸಲಾಗುತ್ತದೆ. ಚರಕಿಯಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಗರಿಯಿಂದ ಉಜ್ಜಿ ಹೊಳಪು ನೀಡಲಾಗುತ್ತದೆ. ಈ ವಿಧಾನದಿಂದಾಗಿ ಬಣ್ಣಗಳು ಉಂಗುರದಂತೆ ಸುತ್ತುಪಟ್ಟೆಗಳಾಗಿ ಮೂಡುತ್ತವೆ. ಇಲ್ಲಿ ತಯಾರಾಗುವ ಬಳೆ ಮತ್ತು ಮಣಿಗಳನ್ನು ಆಭರಣವಾಗಿ ನೇರವಾಗಿ ಬಳಸಬಹುದು. ಸುತ್ತುಪಟ್ಟೆಗಳ ಅಳತೆ ಮತ್ತು ಅನುಕ್ರಮವನ್ನು ತೋಳು, ಅಂಚು ಅಥವಾ ರಂಗಸಜ್ಜಿಕೆಯ ವಿನ್ಯಾಸಕ್ಕೆ ಅಳವಡಿಸಬಹುದು.

### ಜಾನಪದ ಲೋಕ

ಎಚ್. ಎಲ್. ನಾಗೇಗೌಡರು ಸ್ಥಾಪಿಸಿದ ಜಾನಪದ ಲೋಕ (1994) ರಾಮನಗರದ ಸಮೀಪ ಮೈಸೂರು ರಸ್ತೆಯಲ್ಲಿದೆ. ತೊಗಲುಗೊಂಬೆ, ಮುಖವಾಡ, ಯಕ್ಷಗಾನದ ವೇಷಭೂಷಣ ಮತ್ತು ಗೃಹಬಳಕೆಯ ವಸ್ತುಗಳು ಇಲ್ಲಿನ ಸಂಗ್ರಹದಲ್ಲಿವೆ. ಸೋಮನ ಕುಣಿತ, ಪೂಜಾ ಕುಣಿತಗಳಂತಹ ಕಲೆಗಳ ವೇಷ ಮತ್ತು ಪರಿಕರಗಳು ಗ್ರಾಮದೇವತೆಯ ಆರಾಧನೆಗೆ ಸಂಬಂಧಿಸಿರುವುದರಿಂದ ಅವುಗಳನ್ನು ಕೇವಲ ಅಲಂಕಾರವಾಗಿ ಬಳಸುವ ಮುನ್ನ ಕಲಾವಿದರೊಡನೆ ಚರ್ಚಿಸುವುದು ಸೂಕ್ತ.

## 'ಶೋಲೆ' ಚಿತ್ರದ ನಿದರ್ಶನ

ರಮೇಶ್ ಸಿಪ್ಪಿ ನಿರ್ದೇಶನದ 'ಶೋಲೆ' (1975) ಚಿತ್ರವು ಸಂಗೀತ ವೀಡಿಯೊ ಅಲ್ಲವಾದರೂ, ಇದೇ ನೆಲದಲ್ಲಿ ಉಡುಗೆ, ಸಂಗೀತ ಮತ್ತು ಬೆಳಕನ್ನು ಒಟ್ಟಿಗೆ ಯೋಜಿಸಿದ ಬಗೆಯನ್ನು ತೋರಿಸುತ್ತದೆ. ಚಿತ್ರೀಕರಣ 1973ರ ಅಕ್ಟೋಬರ್‌ನಲ್ಲಿ ರಾಮನಗರದಲ್ಲಿ ಆರಂಭವಾಯಿತು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಬಂಡೆಗಳ ನಡುವೆ 'ರಾಮ್‌ಗಢ' ಎಂಬ ಕಲ್ಪಿತ ಹಳ್ಳಿಯನ್ನು ನಿರ್ಮಿಸಿದರು. ಅಲ್ಲಿಗೆ ತಲುಪಲು ಹೆದ್ದಾರಿಯಿಂದ ರಸ್ತೆಯನ್ನೂ ಮಾಡಲಾಯಿತು.

ಚಿತ್ರದಲ್ಲಿ ರಾಧಾ ಪಾತ್ರದ ಜಯಾ ಭಾದುರಿ ಬಿಳಿ ಸೀರೆಯಲ್ಲಿ ದೀಪಗಳನ್ನು ನಿರ್ವಹಿಸುತ್ತಿರುವಾಗ ಅಮಿತಾಭ್ ಬಚ್ಚನ್ ಮೌತ್ ಆರ್ಗನ್ ನುಡಿಸುವ ದೃಶ್ಯವಿದೆ. ಮಾತಿಲ್ಲದ, ಸುಮಾರು ಎರಡು ನಿಮಿಷಗಳ ಈ ಭಾಗದಲ್ಲಿ ಆರ್. ಡಿ. ಬರ್ಮನ್ ಅವರ ಸಂಗೀತ, ಒಂದು ಉಡುಗೆ ಮತ್ತು ಇಳಿಬೆಳಕು ಮಾತ್ರ ಕಥೆ ಹೇಳುತ್ತವೆ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಬಯಸಿದ ಮುಸ್ಸಂಜೆಯ ಬೆಳಕು ದಿನಕ್ಕೆ ಅತ್ಯಲ್ಪ ಕಾಲ ಮಾತ್ರ ದೊರೆಯುತ್ತಿದ್ದುದರಿಂದ ಇದರ ಚಿತ್ರೀಕರಣಕ್ಕೆ 20 ದಿನಗಳು ಬೇಕಾದವು. ಸಣ್ಣ ತಂಡಕ್ಕೆ ಇಷ್ಟು ಕಾಲಾವಕಾಶ ಇರುವುದಿಲ್ಲ. ಆದ್ದರಿಂದಲೇ ಇಂಥ ಬೆಳಕನ್ನು ಬೇಡುವ ದೃಶ್ಯಗಳು ಎಷ್ಟು ಎಂಬುದನ್ನು ಮೊದಲೇ ನಿರ್ಧರಿಸಬೇಕಾಗುತ್ತದೆ.

## ಚಿತ್ರೀಕರಣಪೂರ್ವ ಯೋಜನೆ

### ಹಾಡಿನ ವಿಭಜನೆ

ಹಾಡನ್ನು ಪಲ್ಲವಿ, ಚರಣ ಮತ್ತು ವಾದ್ಯಭಾಗಗಳಾಗಿ ವಿಂಗಡಿಸಿ ಪ್ರತಿ ಭಾಗಕ್ಕೆ ಒಂದು ಉಡುಗೆ ಮತ್ತು ಒಂದು ಸ್ಥಳವನ್ನು ಗೊತ್ತುಪಡಿಸಲಾಗುತ್ತದೆ. ನಾಲ್ಕು ನಿಮಿಷದ ಹಾಡಿನಲ್ಲಿ ಒಂದು ಶಾಟ್ ಸರಾಸರಿ 3 ಸೆಕೆಂಡ್ ಇದ್ದರೆ 80 ಶಾಟ್‌ಗಳು ಬೇಕಾಗುತ್ತವೆ. ನಿಮಿಷಕ್ಕೆ 96 ಬಡಿತಗಳಿರುವ ಹಾಡಿನಲ್ಲಿ ನಾಲ್ಕು ಬಡಿತಗಳ ಒಂದು ಆವರ್ತ 2.5 ಸೆಕೆಂಡ್ ಆಗುತ್ತದೆ. ಸೆರಗು ಬೀಸುವುದು, ತಿರುಗುವುದು ಮೊದಲಾದ ಚಲನೆಗಳನ್ನು ಈ ಅಳತೆಗೆ ಹೊಂದಿಸಲಾಗುತ್ತದೆ. ಬಟ್ಟೆಯ ಚಲನೆ ನಿಧಾನವಾಗಿ ಕಾಣಬೇಕಿದ್ದು ತುಟಿಯ ಚಲನೆ ಹಾಡಿಗೆ ಹೊಂದಬೇಕಿದ್ದರೆ, ಸೆಕೆಂಡಿಗೆ 50 ಫ್ರೇಮ್ ವೇಗದಲ್ಲಿ ಚಿತ್ರೀಕರಿಸಿ ಸ್ಥಳದಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸುತ್ತಾರೆ. 25 ಫ್ರೇಮ್ ವೇಗದಲ್ಲಿ ತೋರಿಸಿದಾಗ ಎರಡೂ ಸರಿಹೊಂದುತ್ತವೆ.

### ಉಡುಗೆಯ ಪರೀಕ್ಷೆ

ಉಡುಗೆಯನ್ನು ಕ್ಯಾಮರಾದ ಮುಂದೆ, ಸಾಧ್ಯವಾದರೆ ಅದೇ ಬೆಳಕಿನಲ್ಲಿ ಪರೀಕ್ಷಿಸುವುದು ಅವಶ್ಯ. ಅತಿ ಸಣ್ಣ ಗೆರೆ ಅಥವಾ ಚೌಕುಳಿಗಳು ಡಿಜಿಟಲ್ ಚಿತ್ರದಲ್ಲಿ ಅಲೆಯಂತೆ ಮಿನುಗುತ್ತವೆ. ಬಿರುಬಿಸಿಲಿನಲ್ಲಿ ಬಿಳಿ ಬಟ್ಟೆಯ ಮಡಿಕೆಗಳು ಅಳಿಸಿಹೋಗುತ್ತವೆ ಮತ್ತು ಜರಿ ಅಂಚು ಕಣ್ಣುಕುಕ್ಕುತ್ತದೆ. ಬಂಡೆಯ ಮೇಲೆ ನಡೆಯಬೇಕಾದ ದೃಶ್ಯದಲ್ಲಿ ಪಾದರಕ್ಷೆ ಮತ್ತು ಸೀರೆಯ ಉದ್ದ ಅಂದಕ್ಕಿಂತ ಮೊದಲು ಸುರಕ್ಷತೆಯ ಪ್ರಶ್ನೆಯಾಗುತ್ತದೆ. ಪ್ರತಿ ಉಡುಗೆಯಲ್ಲಿ ಕಲಾವಿದರ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಮರುದಿನ ಬಳೆಗಳ ಸಂಖ್ಯೆ, ಹೂವಿನ ಸ್ಥಾನ, ಸೆರಗಿನ ಮಡಿಕೆಗಳನ್ನು ಹಾಗೆಯೇ ಮರಳಿ ಹೊಂದಿಸಬಹುದು.

### ವೇಳಾಪಟ್ಟಿ

ಹೊರಾಂಗಣದಲ್ಲಿ ಓರೆ ಬೆಳಕು ಬೆಳಗ್ಗೆ ಮತ್ತು ಸಂಜೆ ಮಾತ್ರ ದೊರೆಯುವುದರಿಂದ ಒಂದು ದಿನದಲ್ಲಿ ಬಂಡೆಗಳ ಹಿನ್ನೆಲೆಯ ಎರಡಕ್ಕಿಂತ ಹೆಚ್ಚು ಉಡುಗೆಗಳನ್ನು ಯೋಜಿಸುವುದು ಕಷ್ಟ. ನಡುಹಗಲಿನ ವೇಳೆಯನ್ನು ಒಳಾಂಗಣ ದೃಶ್ಯ, ಆಭರಣದ ಸಮೀಪ ಚಿತ್ರ ಮತ್ತು ಉಡುಗೆ ಬದಲಾವಣೆಗೆ ಮೀಸಲಿಡಲಾಗುತ್ತದೆ. ಮಳೆಗಾಲದ ನಂತರ ಬೆಟ್ಟಗಳ ಬುಡ ಹಸಿರಾಗಿರುತ್ತದೆ. ಬೇಸಿಗೆಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಮೂಡ್ ಬೋರ್ಡ್‌ಗೆ ಬಳಸಿದ ಸ್ಥಳಚಿತ್ರ ಯಾವ ತಿಂಗಳಿನದು ಎಂಬುದನ್ನು ಗಮನಿಸಬೇಕು.

## ಅನುಮತಿ ಮತ್ತು ಪರಿಸರ

ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಉದ್ದ ಕೊಕ್ಕಿನ ರಣಹದ್ದುಗಳು ಇಲ್ಲಿನ ಕಡಿದಾದ ಬಂಡೆಗಳ ಚಾಚುಗಳಲ್ಲಿ ಗೂಡು ಕಟ್ಟುತ್ತವೆ. ಈ ಪ್ರಭೇದ ಅಳಿವಿನ ತೀವ್ರ ಅಪಾಯದಲ್ಲಿದೆ. ಚಳಿಗಾಲ ಅವುಗಳ ಸಂತಾನೋತ್ಪತ್ತಿಯ ಕಾಲ. ತಿಳಿ ಆಕಾಶ ಮತ್ತು ಹಿತವಾದ ಬಿಸಿಲಿನ ಕಾರಣ ಚಿತ್ರತಂಡಗಳು ಬಯಸುವ ಕಾಲವೂ ಅದೇ ಆಗಿದೆ. ಧ್ವನಿವರ್ಧಕದಲ್ಲಿ ಹಾಡು ನುಡಿಸುವುದು, ಡ್ರೋನ್ ಹಾರಿಸುವುದು ಮತ್ತು ಬಣ್ಣದ ಹೊಗೆ ಬಿಡುವುದು ಗೂಡಿನಲ್ಲಿರುವ ಹಕ್ಕಿಗಳಿಗೆ ತೊಂದರೆ ಉಂಟುಮಾಡಬಲ್ಲವು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ವನ್ಯಜೀವಿಧಾಮದೊಳಗೆ ಚಿತ್ರೀಕರಿಸಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು; ಆವಾಸಕ್ಕೆ ಯಾವುದೇ ಹಾನಿಯಾಗಬಾರದು. ಡ್ರೋನ್ ಬಳಕೆಗೆ ಡ್ರೋನ್ ನಿಯಮಗಳು, 2021 ಅನ್ವಯಿಸುತ್ತವೆ. 'ಶೋಲೆ'ಯ ಕಾಲದಂತೆ ಹಳ್ಳಿಯನ್ನೇ ಕಟ್ಟುವ ಯೋಜನೆ ಇಂದು ಈ ಬೆಟ್ಟದಲ್ಲಿ ಸಾಧ್ಯವಿಲ್ಲ. ಅದೇ ಬಗೆಯ ಬಂಡೆಗಳಿರುವ, ವನ್ಯಜೀವಿಧಾಮದ ಹೊರಗಿನ ಖಾಸಗಿ ಜಮೀನನ್ನು ಮಾಲೀಕರ ಒಪ್ಪಿಗೆಯೊಂದಿಗೆ ಆರಿಸಿಕೊಳ್ಳುವುದು ಪರ್ಯಾಯ ಮಾರ್ಗವಾಗಿದೆ.

ರೇಷ್ಮೆಗೂಡಿನ ಮಾರುಕಟ್ಟೆ ಸರ್ಕಾರಿ ಸಂಸ್ಥೆಯಾಗಿದ್ದು, ಅಲ್ಲಿ ಚಿತ್ರೀಕರಿಸಲು ರೇಷ್ಮೆ ಇಲಾಖೆಯ ಅನುಮತಿ ಅಗತ್ಯ. ಹರಾಜಿನ ವೇಳೆಯಲ್ಲಿ ರೈತರ ಮತ್ತು ಬಿಚ್ಚಣಿಕೆದಾರರ ವ್ಯವಹಾರಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳಬೇಕು.

## ಕೃತಿಸ್ವಾಮ್ಯ ಮತ್ತು ಮನ್ನಣೆ

ಪ್ರೇರಣೆ ಮತ್ತು ನಕಲಿನ ನಡುವಣ ಗೆರೆ ಈ ಪ್ರಕಾರದಲ್ಲಿ ಪದೇ ಪದೇ ವಿವಾದಕ್ಕೆ ಕಾರಣವಾಗಿದೆ. 2011ರಲ್ಲಿ ಬೆಯಾನ್ಸೆ ಅವರ 'ಕೌಂಟ್‌ಡೌನ್' ವೀಡಿಯೊ ಬಿಡುಗಡೆಯಾದಾಗ, ಬೆಲ್ಜಿಯಂನ ನೃತ್ಯ ಸಂಯೋಜಕಿ ಆನ್ ತೆರೇಸಾ ಡಿ ಕೀರ್ಸ್‌ಮಾಕರ್ ತಮ್ಮ ಕೃತಿಗಳ ಚಲನೆ, ಉಡುಗೆ ಮತ್ತು ರಂಗಸಜ್ಜಿಕೆಯನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಆಕ್ಷೇಪಿಸಿದರು. ಅವರ ಕೃತಿ ಪ್ರೇರಣೆಗಳಲ್ಲೊಂದು ಎಂದು ಬೆಯಾನ್ಸೆ ಒಪ್ಪಿಕೊಂಡರು. ಮೂಡ್ ಬೋರ್ಡ್‌ನಲ್ಲಿ ಮೂಲವನ್ನು ದಾಖಲಿಸುವ ಅಭ್ಯಾಸ ಇಂಥ ಸಂದರ್ಭಗಳನ್ನು ತಪ್ಪಿಸಲು ನೆರವಾಗುತ್ತದೆ.

ಭಾರತದಲ್ಲಿ ಛಾಯಾಚಿತ್ರ, ಚಿತ್ರಕಲೆ, ಸಂಗೀತ ಮತ್ತು ಧ್ವನಿಮುದ್ರಣಗಳಿಗೆ ಕೃತಿಸ್ವಾಮ್ಯ ಕಾಯ್ದೆ, 1957ರ ರಕ್ಷಣೆಯಿದೆ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಕಲಾಕೃತಿಯನ್ನು ಅಥವಾ ಹಿನ್ನೆಲೆಯಾಗಿ ಮಾತ್ರ ಬರುವ ಕಲಾಕೃತಿಯನ್ನು ಚಲನಚಿತ್ರದಲ್ಲಿ ತೋರಿಸಲು ಕಾಯ್ದೆಯ 52ನೇ ಕಲಂ ವಿನಾಯಿತಿ ನೀಡುತ್ತದೆ. ಚನ್ನಪಟ್ಟಣದ ಗೊಂಬೆಗಳು ಮತ್ತು ಮೈಸೂರು ರೇಷ್ಮೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿವೆ. ಬೇರೆಡೆ ತಯಾರಾದ ವಸ್ತುವನ್ನು ಈ ಹೆಸರುಗಳಿಂದ ಪ್ರಚಾರ ಮಾಡುವುದಕ್ಕೆ ಈ ಮಾನ್ಯತೆ ಅಡ್ಡಿಯಾಗುತ್ತದೆ. ಕಾನೂನು ಕಡ್ಡಾಯಗೊಳಿಸದಿದ್ದರೂ, ನೇಕಾರರು, ಮರಗೆಲಸದವರು ಮತ್ತು ಜಾನಪದ ಕಲಾವಿದರ ಹೆಸರನ್ನು ಅವರ ಒಪ್ಪಿಗೆಯೊಂದಿಗೆ ವೀಡಿಯೊದ ಕೊನೆಯ ಪಟ್ಟಿಯಲ್ಲಿ ಸೇರಿಸುವುದು ಮತ್ತು ಸಂಭಾವನೆಯನ್ನು ಮುಂಚಿತವಾಗಿ ಬರಹದಲ್ಲಿ ಒಪ್ಪಿಕೊಳ್ಳುವುದು ಉತ್ತಮ ಪದ್ಧತಿಯಾಗಿದೆ.

## ಇವನ್ನೂ ನೋಡಿ

* ಚನ್ನಪಟ್ಟಣದ ಗೊಂಬೆಗಳು
* ಮೈಸೂರು ರೇಷ್ಮೆ
* ಜಾನಪದ ಲೋಕ
* ರಾಮದೇವರಬೆಟ್ಟ
* ಸಾವನದುರ್ಗ
* ವಸ್ತ್ರವಿನ್ಯಾಸ